ಅಡ್ರೆಸ್ ತಪ್ಪಿದ ಜೇಡ

ಆಫೀಸಲ್ಲಿ ನನ್ನನ್ನು ಎಲ್ಲರೂ ‘ಹಂಪಿ’ ಅಂತಲೇ ಕರೆಯೋದು. ನಾನು ಕಂಪ್ಲಿಯವನು, ಬೆಂಗಳೂರಿಗೆ ರೈಲು ಹತ್ತಿದ್ದು ಹೊಸಪೇಟೆಯಲ್ಲಿ. ಎಷ್ಟು ಸಲ ಹೇಳಿದರೂ ಯಾರೂ ಬದಲಾಯಿಸಲಿಲ್ಲ, ನಾನೂ ಸುಮ್ಮನಾದೆ. ಊರಿನ ಹೆಸರು ತಪ್ಪಾದರೆ ನನಗೇನೂ ನಷ್ಟವಿಲ್ಲ. ಆದರೆ ಹೀಗೇ ತಪ್ಪು ಊರು ಅಂಟಿಕೊಂಡ ಜೇಡವೊಂದಿದೆ. ಅದರ ಕಥೆ ಬೇರೆ.

ಬಳ್ಳಾರಿ, ಗುಂತಕಲ್ ದಾಟಿದರೆ ಸಿಗುವ ಊರು ಗುತ್ತಿ. ಅಲ್ಲಿನ ರೈಲ್ವೆ ಮರದ ಡಿಪೋದಲ್ಲಿ ಕಡುನೀಲಿ ಬಣ್ಣದ ಒಂದು ಹೆಣ್ಣು ಟರಾಂಟುಲಾ ಸಿಕ್ಕಿತ್ತು. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಆರ್. ಐ. ಪೊಕಾಕ್ 1899ರಲ್ಲಿ ಅದಕ್ಕೆ ‘ಪೀಸಿಲೋಥೀರಿಯಾ ಮೆಟಾಲಿಕಾ’ ಅಂತ ಹೆಸರಿಟ್ಟರು. ಜನ ಕರೆದದ್ದು ‘ಗುತ್ತಿ ಸಫೈರ್’.

ಪೀಸಿಲೋಥೀರಿಯಾ ಅನ್ನೋದು ಕುಲದ ಹೆಸರು. ಇದರ ಜೇಡಗಳು ಸ್ವಾಭಾವಿಕವಾಗಿ ಇರುವುದು ಭಾರತ, ಶ್ರೀಲಂಕಾಗಳಲ್ಲಿ ಮಾತ್ರ. ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡಲು ತಜ್ಞರು ಮುಖ್ಯವಾಗಿ ನೋಡೋದು ಕಾಲುಗಳ ಅಡಿಭಾಗದ ಪಟ್ಟೆಗಳನ್ನು. ಎಷ್ಟೋ ಟರಾಂಟುಲಾಗಳು ನೆಲದಲ್ಲಿ ಬಿಲ ತೋಡಿದರೆ, ಇವು ಹಳೇ ಮರಗಳ ಪೊಟರೆಯಲ್ಲಿ ಇರುತ್ತವೆ. ಹಾಗಾಗಿ ಆ ಜೇಡ ಕಡಿದ ದಿಮ್ಮಿಯ ಜೊತೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಅಂತ ಲೆಕ್ಕ ಹಾಕಿದರು. ಅದರ ನಿಜವಾದ ಮನೆ ಕಂಡದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ನೂರು ವರ್ಷ ಮೀರಿತ್ತು!

ಹೋದ ವರ್ಷ ಗುಂಟೂರಿನ ಮದುವೆಗೆ ಹೊಸಪೇಟೆಯಿಂದ ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ಅದು ಅದೇ ಕಾಡು ಹಾದು ಹೋಗುತ್ತೆ. ಕಿಟಕಿ ಪಕ್ಕ ಕೂತಿದ್ದ ಅವ್ವನಿಗೆ ಇದನ್ನೆಲ್ಲ ಹೇಳಿದೆ. “ಸಿಕ್ಕಿದ್ದ ಜಾಗಾನೇ ಊರು ಅಂದ್ರ ಹೆಂಗಪ್ಪಾ?” ಅಂದಳು.

ಪ್ರಶ್ನೆ ಅದೇ. ಡಿಪೋದ ಹೆಸರು ಗೊತ್ತಿದ್ದರೆ ಜೇಡ ಉಳಿಯಲ್ಲ, ಯಾವ ಕಾಡಿನ ಯಾವ ಮರ ಅಂತ ಗೊತ್ತಿರಬೇಕು. ಈಗ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಸೌದೆಗೆ, ದಿಮ್ಮಿಗೆ ಅಂತ ಮರ ಕಡಿಯೋದೇ ಅದಕ್ಕೆ ದೊಡ್ಡ ಕುತ್ತು. ಚೆಂದದ ಬಣ್ಣಕ್ಕೆ ಮರುಳಾಗಿ ಸಾಕುವವರೂ ಹೊರದೇಶಗಳಲ್ಲಿ ಬಹಳ. ಅದಕ್ಕೇ 2019ರಲ್ಲಿ ಈ ಇಡೀ ಕುಲದ ಅಂತಾರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತಂದರು.

ನೀವು ಸಂಡೂರಿನ ಗುಡ್ಡಕ್ಕೋ ಹಂಪಿಯ ಬಂಡೆಗಳ ಕಡೆಗೋ ಹೋದಾಗ ದೊಡ್ಡ ಜೇಡ ಕಂಡರೆ ಚಪ್ಪಲಿ ಎತ್ತಬೇಡಿ, ಮುಟ್ಟಲೂಬೇಡಿ. ದೂರದಿಂದ ಫೋಟೊ ತೆಗೆದು ಜಾಗ, ತಾರೀಕು, ಮರವೋ ನೆಲವೋ ಅಂತ ಬರೆದಿಡಿ. ಸಂಡೂರಿನಲ್ಲಿ ಕಂಡದ್ದಕ್ಕೆ ‘ಹೊಸಪೇಟೆ’ ಅಂತ ಹಾಕಬೇಡಿ. ಲೊಕೇಶನ್ ಮಾತ್ರ ಸ್ಟೇಟಸ್‌ಗೆ ಬೇಡ, ಜೇಡ ಹಿಡಿದು ಮಾರುವವರೂ ಅದನ್ನು ನೋಡ್ತಾರೆ. ಗೊತ್ತಿರುವ ತಜ್ಞರಿಗೆ ಕಳಿಸಿ.

ನನ್ನನ್ನು ಹಂಪಿ ಅಂದರೂ ನಾನು ಹಬ್ಬಕ್ಕೆ ಕಂಪ್ಲಿಗೇ ಹೋಗ್ತೀನಿ, ಮನೆ ಅಲ್ಲೇ ಇದೆ. ಆ ಜೇಡಕ್ಕೆ ಮರ ಹೋದರೆ ಮನೆಯೇ ಹೋದಂತೆ.