ಮಿಡಿಯ ಬೆಲೆ

ಚಂದ್ರಗುತ್ತಿಯ ಪರಿಚಿತರೊಬ್ಬರಿಂದ ಮೊನ್ನೆ ಕಾಗದ ಬಂದಿತು. ಈ ಸಲದ ಅಪ್ಪೆಮಿಡಿ ಉಪ್ಪಿನಕಾಯಿ ಬೇಕೆನ್ನುವವರು ಈಗಲೇ ಹೆಸರು ತಿಳಿಸಿ ಮುಂಗಡ ಕಳಿಸಬೇಕಂತೆ. ಬೆಲೆ ಪೇಟೆಯದಕ್ಕಿಂತ ಎರಡು ಪಟ್ಟು. ನಾಲಗೆ ಒಡನೆಯೇ ಒಪ್ಪಿತು, ಕಿಸೆ ಒಪ್ಪಲಿಲ್ಲ.

ಇಂಥ ತೋಟದ, ಇಂಥ ವರ್ಷದ ದ್ರಾಕ್ಷಾರಸವೇ ಬೇಕೆಂದು ಹಣ ಸುರಿಯುವ ರಸಿಕರನ್ನು ಕಂಡು ನಕ್ಕವನು ನಾನು. ಆದರೆ ಮಲೆನಾಡಿಗರಾದ ನಮ್ಮ ಜಂಬವೇನು ಕಡಮೆಯೆ? ಶರಾವತಿ, ಅಘನಾಶಿನಿಗಳ ದಂಡೆಯ ಇಂಥ ಮರದ ಮಿಡಿಯೆಂದೇ ನಮ್ಮಲ್ಲೂ ಮಾತು. ಅನಂತಭಟ್ಟನ ಅಪ್ಪೆ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಜೀರಿಗೆಯ ಪರಿಮಳದ್ದು, ಕರ್ಪೂರದ ಪರಿಮಳದ್ದು ಎಂದು ಸೊನೆಯ ವಾಸನೆಯಿಂದಲೇ ತಳಿಯನ್ನು ಹೇಳುವ ಹಿರಿಯರಿದ್ದಾರೆ. ಉಪ್ಪಿನಲ್ಲಿ ಮುರುಟಿದ ಮಿಡಿ ವರ್ಷಗಟ್ಟಲೆ ಕೆಡದು.

ಹಾಗೆಂದು ಬರಿಯ ಹೆಸರಿಗೆ ಹಣ ಕೊಡುವುದು ಒಣ ಪ್ರತಿಷ್ಠೆ. ಆದುದರಿಂದ ಮರುಟಪಾಲಿನಲ್ಲಿ ಒಂದೇ ಪ್ರಶ್ನೆ ಕೇಳಿದೆನು: ಮಿಡಿ ಕೊಯ್ಯಿಸುವುದು ಹೇಗೆ? ಕೆಲಸ ಬೇಗ ಮುಗಿಯಲೆಂದು ಕೊಂಬೆಯನ್ನೇ ಕಡಿದು ಕೆಡಹುವವರುಂಟು. ಆ ಮಿಡಿ ಅಗ್ಗ. ಆದರೆ ಮುಂದಿನ ವರ್ಷ ಆ ಕೊಂಬೆಯೇ ಇರದು. ಮರವೇರಿ, ತೊಟ್ಟು ಸಹಿತ ಬಿಡಿಸಿ, ಬುಟ್ಟಿಯಲ್ಲಿ ಇಳಿಸುವುದು ನಿಧಾನದ ಕೆಲಸ, ಅಪಾಯದ ಕೆಲಸ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದು ನಿಜ. ಮನ್ನಣೆಯ ಪತ್ರ ಮರವನ್ನು ಕಾಯದು. ಕಾಯುವುದು ಏರಿ ಕೊಯ್ದವನ ಕೂಲಿ.

ಮರವೇರಿಯೇ ಕೊಯ್ಯಿಸುವೆವೆಂದು ಉತ್ತರ ಬಂದರೆ ಕೇಳಿದ ಬೆಲೆಯನ್ನೇ ಕೊಡುವೆನು. ಎಂದಿನ ಅರ್ಧದಷ್ಟು ಮಾತ್ರ ಕೊಳ್ಳುವೆನು. ಕಿಸೆಗೂ ಸಮಾಧಾನ. ಎಲೆಯ ತುದಿಗೆ ಒಂದೇ ಮಿಡಿ ಬಿದ್ದರೂ ಊಟ ಸಾಗುತ್ತದೆ. ಹೊಳೆಯ ದಂಡೆಯ ಮರ ಮಾತ್ರ ನಿಂತಿರಬೇಕು.