ಒಂದೇ ತಂತಿ, ಮೂರು ಸೌಕರ್ಯ: ಹೂಂ ಅನ್ನೋ ಮೊದಲು ಲೆಕ್ಕ ಹಾಕಿ!

“ಅಕ್ಕಾರ, ಕೇಬಲ್ಲಿಗೆ ಬ್ಯಾರೆ, ನೆಟ್ಟಿಗೆ ಬ್ಯಾರೆ ರೊಕ್ಕ ಯಾಕ್ ಕೊಡ್ತೀರಿ? ಒಂದ ವಾಯರ್‌ನ್ಯಾಗ ಟಿವಿ, ನೆಟ್, ಫೋನ್ ಮೂರೂ ಬರ್ತಾವ್ರಿ. ಬಿಲ್ಲೂ ಒಂದ!”

ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ ಕಡೆಯ ಓಣಿಗಳಲ್ಲಿ ಇಂಥ ಮಾತು ಈಗ ಹೊಸದಲ್ಲ. ಬೆಂಗಳೂರು, ಹುಬ್ಬಳ್ಳಿಯ ಅಪಾರ್ಟ್‌ಮೆಂಟುಗಳಲ್ಲಂತೂ ಹಳೆಯದೇ ಆಯಿತು. ಕೇಳೋಕೆ ಎಷ್ಟು ಹಿತ ಅಲ್ವಾ? ಮೂರು ಕಡೆ ಹಣ ಕಟ್ಟುವ ತಾಪತ್ರಯ ಇಲ್ಲ, ಮೂರು ತಾರೀಖು ನೆನಪಿಡಬೇಕಿಲ್ಲ. ಆದರೆ ಮನೆಯ ಖರ್ಚಿನ ಡಬ್ಬಿ ಕೈಯಲ್ಲಿರೋದು ನಮ್ಮದು. ಕರೆಂಟ್ ಹೋದಾಗ, ಅತ್ತೆಗೆ ಎದೆ ನೋವು ಬಂದಾಗ, ಮಗನ ಆನ್‌ಲೈನ್ ಅರ್ಜಿಗೆ ಕೊನೇ ದಿನ ಬಂದಾಗ ಮನೆಯಲ್ಲಿ ಇರೋದೂ ನಾವೇ. ಹಾಗಾಗಿ ಈ ‘ತ್ರೀ ಇನ್ ಒನ್’ ಕಟ್ಟನ್ನು ಬಿಚ್ಚಿ ಒಳಗೇನಿದೆ ಅಂತ ನೋಡೋಣ.

ಮೂರು ಒಂದಾದದ್ದು ಹೇಗೆ?

ಮೊದಲು ತಾಮ್ರದ ತಂತಿಯಲ್ಲಿ ಫೋನು, ದಪ್ಪ ಕಪ್ಪು ಕೇಬಲ್ಲಿನಲ್ಲಿ ಟಿವಿ ಬರುತ್ತಿತ್ತು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಅದೇ ಫೋನ್ ತಂತಿಯಲ್ಲಿ ಇಂಟರ್‌ನೆಟ್ಟೂ ಸೇರಿತು. ಈಗ ಬಂದಿರೋ ಫೈಬರ್ ಎಂದರೆ ಕೂದಲೆಳೆಯಂಥ ಗಾಜಿನ ತಂತಿ. ಅದರಲ್ಲಿ ಮಾಹಿತಿ ಬೆಳಕಿನ ರೂಪದಲ್ಲಿ ಓಡುತ್ತೆ. ಮಾತು, ಸಿನಿಮಾ, ಧಾರಾವಾಹಿ, ಮಕ್ಕಳ ಪಾಠ ಎಲ್ಲವೂ ಅದರ ಪಾಲಿಗೆ ಒಂದೇ. ಹಾಗಾಗಿ ಮೂರನ್ನೂ ಕಟ್ಟಿ ಮಾರೋದು ಕಂಪನಿಗೆ ಸುಲಭ.

ಇದು ನಮ್ಮ ದೇಶದಲ್ಲಿ ಹುಟ್ಟಿದ ಉಪಾಯವಲ್ಲ. ಫ್ರಾನ್ಸಿನಲ್ಲಿ ‘ಫ್ರೀ’ ಎಂಬ ಕಂಪನಿ 2002ರಲ್ಲಿ ‘ಫ್ರೀಬಾಕ್ಸ್’ ತಂದಿತು. ಮುಂದೆ ಅದೇ ಡಬ್ಬಿಯಲ್ಲಿ ನೆಟ್, ಫೋನ್, ಟಿವಿ ಮೂರನ್ನೂ ತಿಂಗಳಿಗೆ 29.99 ಯೂರೋಗೆ ಕೊಟ್ಟು ಮಾರುಕಟ್ಟೆಯನ್ನೇ ಅಲ್ಲಾಡಿಸಿತು. ನಮ್ಮಲ್ಲಿ 2019ರಲ್ಲಿ ಬಿಎಸ್‌ಎನ್‌ಎಲ್‌ನ ಭಾರತ್ ಫೈಬರ್ ಬಂತು, ಅದೇ ವರ್ಷ ಸೆಪ್ಟೆಂಬರ್ 5ರಂದು ಜಿಯೋ ಫೈಬರ್ ಬಂತು. 2021ರ ಜುಲೈನಲ್ಲಿ ಏರ್‌ಟೆಲ್, ಮೊಬೈಲು, ಡಿಟಿಎಚ್, ಫೈಬರ್‌ಗಳನ್ನು ಒಂದೇ ಬಿಲ್ಲಿಗೆ ತರುವ ‘ಏರ್‌ಟೆಲ್ ಬ್ಲ್ಯಾಕ್’ ಶುರುಮಾಡಿತು. 2024ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಕೂಡ ಫೈಬರ್ ಮೂಲಕ ಟಿವಿ ಕೊಡುವ ‘ಐಎಫ್‌ಟಿವಿ’ಯನ್ನು ಮೊದಲು ಮಧ್ಯಪ್ರದೇಶ, ತಮಿಳುನಾಡಿನಲ್ಲಿ ಆರಂಭಿಸಿತು.

ಇದರ ಪರಿಣಾಮ ನೋಡಿ. ಸತ್ತೇ ಹೋಯಿತು ಅಂದುಕೊಂಡಿದ್ದ ಮನೆ ಫೋನು ಮತ್ತೆ ಎದ್ದು ಕೂತಿದೆ. ದೇಶದಲ್ಲಿ 2020ರ ಮಾರ್ಚ್ ಹೊತ್ತಿಗೆ ಸುಮಾರು 2 ಕೋಟಿಗೆ ಇಳಿದಿದ್ದ ಸ್ಥಿರ ದೂರವಾಣಿಗಳು 2024ರ ಮಾರ್ಚ್‌ಗೆ 3.3 ಕೋಟಿ ದಾಟಿದವು. ಜನ ಫೋನ್ ಬೇಕೆಂದು ಹೋಗಿ ತಂದದ್ದಲ್ಲ, ಫೈಬರ್ ಜೊತೆ ಅದೂ ಬಂದದ್ದು!

ಅಗ್ಗವೋ, ಅಗ್ಗದ ಹಾಗೆ ಕಾಣೋದೋ?

ಜಾಹೀರಾತಿನಲ್ಲಿ ಕಾಣುವ ಬೆಲೆ, ಕೈಯಿಂದ ಹೋಗುವ ಹಣ ಎರಡೂ ಒಂದೇ ಅಲ್ಲ. 2020ರಲ್ಲಿ ಜಿಯೋ ಫೈಬರ್ 399 ರೂಪಾಯಿಯ ಯೋಜನೆ ಘೋಷಿಸಿದಾಗ ಎಲ್ಲರ ಬಾಯಲ್ಲೂ 399 ಅಂತಲೇ ಇತ್ತು. ಶೇ. 18 ಜಿಎಸ್‌ಟಿ ಸೇರಿಸಿದರೆ ಅದು 471 ಆಗುತ್ತೆ. 699 ಅಂದರೆ 825. 999 ಅಂದರೆ 1,179. ಸೇಲ್ಸ್ ಹುಡುಗರು ತೆರಿಗೆಯನ್ನು ಬಾಯಿ ಬಿಟ್ಟು ಹೇಳೋದು ಕಡಿಮೆ, ನಾವೇ ಕೇಳಬೇಕು.

ಇನ್ನು ‘ಇನ್‌ಸ್ಟಾಲೇಷನ್ ಫ್ರೀ’ ಅನ್ನೋದರ ಹಿಂದೆ ಬಹುಮಟ್ಟಿಗೆ ಆರು ತಿಂಗಳ ಅಥವಾ ಒಂದು ವರ್ಷದ ಹಣ ಮುಂಗಡ ಕಟ್ಟುವ ಷರತ್ತು ಇರುತ್ತೆ. ಸಂಬಳದ ಮನೆಗೆ ಅದು ನಡೆದೀತು. ವಾರದ ಬಟವಾಡೆ ನಂಬಿರುವ ನೇಕಾರರ ಮನೆಗೆ, ಕಬ್ಬಿನ ಬಿಲ್ಲು ಬಂದಾಗ ಉಸಿರು ಬಿಡುವ ರೈತರ ಮನೆಗೆ ಐದಾರು ಸಾವಿರ ಒಮ್ಮೆಲೇ ತೆಗೆಯೋದು ಸುಲಭವೇ? ವರ್ಷದ ಹಣ ಕಟ್ಟಿದ ಮೇಲೆ ಎರಡೇ ತಿಂಗಳಿಗೆ ಸೇವೆ ಕೆಟ್ಟರೆ ಬಿಟ್ಟು ಹೋಗೋದಕ್ಕೂ ಆಗೋದಿಲ್ಲ. ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಹೋಗಿ.

ಕೇಬಲ್ ಲೆಕ್ಕವನ್ನೂ ಪಕ್ಕಕ್ಕಿಟ್ಟು ನೋಡಿ. 2019ರಲ್ಲಿ ಟ್ರಾಯ್ ಹೊಸ ನಿಯಮ ತಂದು, 100 ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ ಅಂತ ಮಿತಿ ಹಾಕಿತ್ತು. 2020ರಲ್ಲಿ ಅದೇ 130ಕ್ಕೆ 200 ಚಾನೆಲ್ ಆಯಿತು. 2024ರ ಜುಲೈನಲ್ಲಿ ಆ ಮಿತಿಯನ್ನು ತೆಗೆದುಹಾಕಿದರು, ಈಗ ಆ ಶುಲ್ಕವನ್ನು ಕೇಬಲ್, ಡಿಟಿಎಚ್‌ನವರೇ ಗೊತ್ತುಮಾಡಬಹುದು. ಹಾಗಾಗಿ ನೀವು ಈಗ ಕಟ್ಟುತ್ತಿರುವ ಕೇಬಲ್ ಹಣ ಎಷ್ಟು, ಮನೆಮಂದಿಯ ಮೊಬೈಲ್ ರೀಚಾರ್ಜ್ ಎಷ್ಟು, ಎರಡನ್ನೂ ಕೂಡಿಸಿ ಬರೆಯಿರಿ. ಮನೆಗೆ ವೈಫೈ ಬಂದರೆ ಮೊಬೈಲ್‌ಗಳಿಗೆ ಚಿಕ್ಕ ರೀಚಾರ್ಜ್ ಸಾಕಾಗುತ್ತಾ? ಸಾಕಾದರೆ ಮಾತ್ರ ಕಟ್ಟು ಯೋಜನೆ ನಿಜವಾದ ಉಳಿತಾಯ. ಮೊಬೈಲ್ ರೀಚಾರ್ಜ್ ಹಾಗೇ ಮುಂದುವರಿದರೆ ಅದು ಹೊಸ ಖರ್ಚು, ಅಷ್ಟೇ.

ವೇಗದ ಆಸೆಗೂ ಬೀಳಬೇಡಿ. ಒಂದು ಟಿವಿಯಲ್ಲಿ ಎಚ್‌ಡಿ ಚಿತ್ರ ನೋಡಲು ಸುಮಾರು 5 ಎಂಬಿಪಿಎಸ್ ಸಾಕು. ಟಿವಿ ಒಂದು, ಮೊಬೈಲ್ ಮೂರು ಇರುವ ಮನೆಗೆ 30 ಎಂಬಿಪಿಎಸ್ ಧಾರಾಳ. 100, 200 ಅಂತ ಹೇಳಿ ದುಬಾರಿ ಯೋಜನೆ ಕಟ್ಟಿಸಿದರೆ ಉಪಯೋಗಿಸದ ವೇಗಕ್ಕೆ ದುಡ್ಡು ಕೊಟ್ಟ ಹಾಗೆ.

ಕರೆಂಟ್ ಹೋದರೆ ಫೋನೂ ಹೋಗುತ್ತೆ!

ಇದನ್ನು ಯಾವ ಜಾಹೀರಾತೂ ಹೇಳೋದಿಲ್ಲ. ಹಳೆ ತಾಮ್ರದ ತಂತಿಯ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜ್‌ನಿಂದಲೇ, ಸುಮಾರು 48 ವೋಲ್ಟ್, ಅದೇ ತಂತಿಯಲ್ಲಿ ಬರುತ್ತಿತ್ತು. ಮನೆಯೆಲ್ಲಾ ಕತ್ತಲಾದರೂ ಫೋನ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಗಾಜಿನ ತಂತಿಯಲ್ಲಿ ವಿದ್ಯುತ್ತು ಹರಿಯೋದಿಲ್ಲ. ಹಾಗಾಗಿ ಫೈಬರ್ ಫೋನು ಗೋಡೆಯ ಮೇಲಿನ ಡಬ್ಬಿಗೆ ಕರೆಂಟ್ ಇದ್ದರೆ ಮಾತ್ರ ಜೀವಂತ.

ಮಳೆಗಾಲದಲ್ಲಿ, ಬೇಸಿಗೆಯ ಲೋಡ್ ಶೆಡ್ಡಿಂಗಿನಲ್ಲಿ ನಮ್ಮ ಕಡೆ ಗಂಟೆಗಟ್ಟಲೆ ಕರೆಂಟ್ ಹೋಗೋದು ಹೊಸದೇನಲ್ಲ. ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದರೆ, ಅವರಿಗೆ ಮೊಬೈಲ್ ಒತ್ತಲು ಬಾರದಿದ್ದರೆ, ಆ ಹೊತ್ತಿನಲ್ಲಿ ಅವರು ಯಾರನ್ನು ಕರೀಬೇಕು? ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತೆ, ಮೂರ್ನಾಲ್ಕು ಗಂಟೆ ಕೈಹಿಡಿಯುತ್ತೆ. ಆದರೆ ಆ ಕಡೆ, ಫೈಬರ್ ಕೊಡುವವರ ಉಪಕರಣಕ್ಕೂ ಬ್ಯಾಟರಿ ಇರಬೇಕು. “ಕರೆಂಟ್ ಹೋದಾಗ ನಿಮ್ಮ ಕಡೆಯಿಂದ ಲೈನ್ ಇರ್ತೈತೇನ್ರಿ?” ಅಂತ ಮೊದಲೇ ಕೇಳಿ. ಜೊತೆಗೆ ಹಿರಿಯರಿಗೆ ಬಟನ್ ಇರುವ ಸಾದಾ ಮೊಬೈಲ್ ಒಂದನ್ನು ಕೊಟ್ಟು, ತುರ್ತು ಸಂಖ್ಯೆ 112 ಒತ್ತೋದನ್ನು ಕಲಿಸಿಡಿ.

ಇನ್ನೊಂದು ಚಿಕ್ಕ ಮಾತು. 2021ರ ಜನವರಿ 15ರಿಂದ ಮನೆ ಫೋನಿನಿಂದ ಯಾವ ಮೊಬೈಲಿಗೆ ಕರೆ ಮಾಡಬೇಕಾದರೂ ಮೊದಲು ಸೊನ್ನೆ ಒತ್ತಬೇಕು. ಫೋನ್ ಪಕ್ಕದ ಪಟ್ಟಿಯಲ್ಲಿ ನಂಬರ್‌ಗಳನ್ನು ಸೊನ್ನೆ ಸೇರಿಸಿಯೇ ದೊಡ್ಡದಾಗಿ ಬರೆದು ಅಂಟಿಸಿ.

ಗೃಹಜ್ಯೋತಿ ಲೆಕ್ಕವನ್ನೂ ಮರೆಯಬೇಡಿ

ರೂಟರ್, ಟಿವಿ ಡಬ್ಬಿ ಎರಡೂ ಸೇರಿ ಸುಮಾರು 20 ವ್ಯಾಟ್ ತಿಂದರೆ, ಹಗಲು ರಾತ್ರಿ ಹಾಕಿಟ್ಟಾಗ ತಿಂಗಳಿಗೆ 14 ಯೂನಿಟ್ ದಾಟುತ್ತೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲು 2024ರಲ್ಲಿ ಸರಕಾರ ನಿರ್ಧರಿಸಿತು. ಅಂದರೆ ಸಣ್ಣ ಮನೆಗೆ ಸಿಕ್ಕ ಆ ಹೆಚ್ಚುವರಿಯನ್ನು ಈ ಎರಡು ಡಬ್ಬಿಗಳೇ ನುಂಗಿಬಿಡಬಹುದು! ರಾತ್ರಿ ಮಲಗುವಾಗ ಟಿವಿ ಡಬ್ಬಿಯ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿ. ರೂಟರ್ ಮಾತ್ರ ಇರಲಿ, ಅದನ್ನು ಆರಿಸಿದರೆ ಫೋನೂ ಬಂದ್.

ಹಳೆ ನಂಬರ್ ಉಳಿಯುತ್ತಾ?

ಮೊಬೈಲ್ ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರ ಜನವರಿ 20ರಿಂದ ಇದೆ. ಮನೆ ಫೋನಿಗೆ ಆ ಸೌಲಭ್ಯ ಇಲ್ಲ. ಬೇರೆ ಕಂಪನಿಗೆ ಹೋದರೆ ಇಪ್ಪತ್ತು ಮೂವತ್ತು ವರ್ಷದ ಹಳೆ ನಂಬರ್ ಹೋಯಿತು ಅಂತಲೇ ಲೆಕ್ಕ. ಬಿಎಸ್‌ಎನ್‌ಎಲ್ ತಾಮ್ರದ ತಂತಿಯಿಂದ ಬಿಎಸ್‌ಎನ್‌ಎಲ್ ಫೈಬರ್‌ಗೇ ಹೋದರೆ ಹಳೆ ನಂಬರ್ ಉಳಿಸಿಕೊಳ್ಳಬಹುದು, ಅರ್ಜಿ ಕೊಡುವಾಗಲೇ ಕೇಳಿ ಬರೆಸಿ. ನಂಬರ್ ಬದಲಾಗೋದಾದರೆ ಬ್ಯಾಂಕು, ಗ್ಯಾಸ್ ಏಜೆನ್ಸಿ, ಶಾಲೆ, ಊರಿನ ಬೀಗರು, ಎಲ್ಲರಿಗೂ ತಿಳಿಸುವ ಕೆಲಸ ಕೊನೆಗೆ ನಮ್ಮ ತಲೆಗೇ ಬರೋದು!

ಬಿಲ್ ಒಂದು, ಹೆಸರು ಯಾರದು?

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹಿಂದೆ ಕೇಬಲ್ ಹುಡುಗ ಬಾಗಿಲಿಗೆ ಬಂದಾಗ ಸಾಸಿವೆ ಡಬ್ಬಿಯಿಂದ ಹಣ ತೆಗೆದು ಕೊಡುತ್ತಿದ್ದೆವು. ಚಿತ್ರ ಬರದಿದ್ದರೆ “ತಮ್ಮಾ, ಬಾರೋ ಇಲ್ಲೆ” ಅಂತ ಕರೆದು ಸರಿ ಮಾಡಿಸುತ್ತಿದ್ದೆವು. ಕಟ್ಟು ಯೋಜನೆಯಲ್ಲಿ ಎಲ್ಲವೂ ಒಂದು ಮೊಬೈಲ್ ನಂಬರ್‌ಗೆ ಅಂಟಿಕೊಂಡಿರುತ್ತೆ. ಆ ನಂಬರ್ ಬಹುಪಾಲು ಯಜಮಾನರದು. ದೂರು ಕೊಡಬೇಕಾದರೂ ಓಟಿಪಿ ಹೋಗೋದು ಅವರಿಗೆ. ಅವರು ಪುಣೆಯಲ್ಲೋ ಬೆಂಗಳೂರಲ್ಲೋ ಡ್ಯೂಟಿಯಲ್ಲಿದ್ದರೆ ಮನೆಯಲ್ಲಿ ಟಿವಿ, ನೆಟ್, ಫೋನ್ ಮೂರೂ ಸ್ತಬ್ಧ. ಮುಂಜಾನೆಯಿಂದ ಕಂಡಿಕೆ ಸುತ್ತಿ, ಅಡುಗೆ ಮುಗಿಸಿ, ಸಂಜೆ ಅರ್ಧ ಗಂಟೆ ಧಾರಾವಾಹಿ ನೋಡೋಣ ಅಂದವಳು ಅವರ ಫೋನಿಗಾಗಿ ಕಾಯಬೇಕು. ತೇರದಾಳ ಕ್ಷೇತ್ರದವರಿಗೆ 2013ರಿಂದ 2018ರವರೆಗೆ ಶಾಸಕಿಯಾಗಿದ್ದ ಉಮಾಶ್ರೀಯವರು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಬಂದಾಗಿನಿಂದ ಸಂಜೆಯ ಟಿವಿ ಸ್ವಲ್ಪ ಹೆಚ್ಚೇ ಹತ್ತಿರವಾಗಿತ್ತಲ್ಲ!

ಮೂರು ಸೌಕರ್ಯ ಒಂದೇ ಹಗ್ಗಕ್ಕೆ ಕಟ್ಟಿದಾಗ, ಹಗ್ಗ ಹರಿದರೆ ಮೂರೂ ಬೀಳುತ್ತವೆ. ಒಂದು ಬಿಲ್ ತಪ್ಪಿದರೂ ಹಾಗೆಯೇ. ಹಾಗಾಗಿ ಕನೆಕ್ಷನ್ ಅನ್ನು ನಿಮ್ಮ ಹೆಸರಿನಲ್ಲೇ, ನಿಮ್ಮ ಮೊಬೈಲ್ ನಂಬರ್‌ಗೇ ಮಾಡಿಸಿ. ಆಗದಿದ್ದರೆ ಎರಡನೇ ನಂಬರ್ ಆಗಿಯಾದರೂ ನಿಮ್ಮದನ್ನು ಬರೆಸಿ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲೇ ಬಿಲ್ ಕಟ್ಟುವ ಮನೆಗಳಿವೆ. ಹಣ ಅವಳದು, ಓಟಿಪಿ ಇನ್ನೊಬ್ಬರದು ಅಂದರೆ ಯಾವ ನ್ಯಾಯ?

ಕೇಬಲ್ ಅಣ್ಣನನ್ನು ಓಡಿಸಲೇಬೇಕೇ?

ಬೇಕಿಲ್ಲ. ಸಣ್ಣ ಊರುಗಳಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಕೊಡೋದು ಸ್ಥಳೀಯ ಪಾಲುದಾರರ ಮೂಲಕ. ಎಷ್ಟೋ ಕಡೆ ಹಳೆ ಕೇಬಲ್‌ನವರೇ ಆ ಪಾಲುದಾರರು. ಕಂಬ ಹತ್ತಿ ತಂತಿ ಸರಿಮಾಡುವ ಮನುಷ್ಯ ಪಕ್ಕದ ಓಣಿಯಲ್ಲೇ ಇರೋದು, ಎಲ್ಲೋ ಇರುವ ಕಾಲ್ ಸೆಂಟರ್‌ಗಿಂತ ದೊಡ್ಡ ಅನುಕೂಲ. ಇನ್ನು ಟಿವಿ ಕಡಿಮೆ ನೋಡುವ ಮನೆಗೆ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಟಿಎಚ್, ಈಗಿನ ಡಿಡಿ ಫ್ರೀ ಡಿಶ್ ಇದೆ. ಡಬ್ಬಿ, ಡಿಶ್ ಒಮ್ಮೆ ಕೊಂಡರೆ ತಿಂಗಳ ಹಣವಿಲ್ಲ. ಖಾಸಗಿ ಕನ್ನಡ ವಾಹಿನಿಗಳೆಲ್ಲ ಅದರಲ್ಲಿ ಸಿಗೋದಿಲ್ಲ, ಆದರೆ ಚಂದನ ಸಿಗುತ್ತೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಪ್ರೌಢಶಾಲೆ ಮಕ್ಕಳಿಗೆ ‘ಸಂವೇದ’ ಪಾಠ ಬಂದದ್ದು ಅದೇ ಚಂದನದಲ್ಲಿ. ನೆಟ್ ಇಲ್ಲದ ಮನೆಯ ಮಕ್ಕಳಿಗೆ ಅದೇ ಆಸರೆಯಾಗಿತ್ತು.

ಹೂಂ ಅನ್ನೋ ಮೊದಲು ಈ ಪ್ರಶ್ನೆ ಕೇಳಿ

• ತೆರಿಗೆ ಸೇರಿ ತಿಂಗಳಿಗೆ ಒಟ್ಟು ಎಷ್ಟು? ಆಫರ್ ಮುಗಿದ ಮೇಲೆ ಎಷ್ಟು?

• ರೂಟರ್, ಟಿವಿ ಡಬ್ಬಿ ನಮ್ಮದೋ, ಕಂಪನಿಯದೋ? ಡೆಪಾಸಿಟ್ ಎಷ್ಟು, ವಾಪಸ್ ಯಾವಾಗ?

• ನಮ್ಮ ಮನೆಯಲ್ಲಿ ನೋಡುವ ಕನ್ನಡ ಚಾನೆಲ್‌ಗಳು ಇದರಲ್ಲಿ ನೇರವಾಗಿ ಬರುತ್ತವೋ, ಪ್ರತಿಯೊಂದಕ್ಕೂ ಬೇರೆ ಆ್ಯಪ್ ಬೇಕೋ?

• ನೆಟ್ ನಿಂತರೆ ಟಿವಿಯೂ ನಿಲ್ಲುತ್ತಾ?

• ತಿಂಗಳಿಗೆ ಡೇಟಾ ಮಿತಿ ಇದೆಯಾ? ದಾಟಿದರೆ ವೇಗ ಎಷ್ಟಕ್ಕೆ ಇಳಿಯುತ್ತೆ?

• ರಿಪೇರಿಗೆ ಯಾರು ಬರುತ್ತಾರೆ, ಎಷ್ಟು ಗಂಟೆಯೊಳಗೆ?

ಉತ್ತರಗಳನ್ನು ಬಾಯಲ್ಲಿ ಅಲ್ಲ, ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಹೊಸದು ಬಂದ ದಿನವೇ ಹಳೆ ಕನೆಕ್ಷನ್ ಕಿತ್ತು ಹಾಕಬೇಡಿ, ಒಂದು ತಿಂಗಳು ಎರಡೂ ಇರಲಿ. ಹಳೆ ಡಬ್ಬಿ ಹಿಂದಿರುಗಿಸುವಾಗ ರಸೀದಿ ಪಡೆಯಿರಿ.

ತೊಂದರೆಯಾದರೆ?

ಮೊದಲು ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಇದಕ್ಕೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಮೇಲೂ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನಮ್ಮ ಕಡೆಯವರಿಗೆ ಅದು ಬಾಗಲಕೋಟೆಯಲ್ಲಿ. ಐದು ಲಕ್ಷದೊಳಗಿನ ವ್ಯವಹಾರದ ದೂರಿಗೆ ಅಲ್ಲೂ ಶುಲ್ಕವಿಲ್ಲ. “ಟೆಲಿಕಾಂ ದೂರು ಗ್ರಾಹಕ ಕೋರ್ಟಿಗೆ ಬರಲ್ಲ” ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಬರುತ್ತೆ ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕಟ್ಟು ಯೋಜನೆ ಕೆಟ್ಟದ್ದೇನಲ್ಲ. ಓದುವ ಮಕ್ಕಳು, ಮನೆಯಿಂದ ಕೆಲಸ ಮಾಡುವವರು, ಮೂರ್ನಾಲ್ಕು ಮೊಬೈಲ್ ಇರುವ ಮನೆಗೆ ಅದು ಹಣವನ್ನೂ ಸಮಯವನ್ನೂ ಉಳಿಸುತ್ತೆ. ಇಬ್ಬರೇ ವಯಸ್ಸಾದವರಿರುವ, ಪದೇ ಪದೇ ಕರೆಂಟ್ ಹೋಗುವ ಮನೆಗೆ ಸಾದಾ ಕೇಬಲ್ಲು, ಒಂದು ಮೊಬೈಲು ಸಾಕು. ನಿಮ್ಮ ಮನೆ ಯಾವುದು ಅಂತ ನಿಮಗಿಂತ ಚೆನ್ನಾಗಿ ಯಾವ ಸೇಲ್ಸ್ ಹುಡುಗನಿಗೆ ಗೊತ್ತು? ಈ ತಿಂಗಳ ಬಿಲ್ಲುಗಳನ್ನು ಹುಡುಕಿ ತೆಗೆದು, ಇವತ್ತೇ ಒಂದು ಹಾಳೆಯಲ್ಲಿ ಕೂಡಿಸಿ ನೋಡಿ. ಆಮೇಲೆ ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ!