ಹಳೆಯ ಗಾಯ ಇರುವುದು ಈ ಕ್ಷಣದಲ್ಲೇ

ಮನಸ್ಸಿನ ನೋವಿಗೆ ಕಾರಣ ಗೊತ್ತಾದರೆ ನೋವು ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಫ್ರಿಟ್ಜ್ ಮತ್ತು ಲಾರಾ ಪರ್ಲ್ಸ್ ದಂಪತಿ ರೂಪಿಸಿದ, 1951ರಲ್ಲಿ ಅಮೆರಿಕದಲ್ಲಿ ಪುಸ್ತಕವಾಗಿ ಹೊರಬಂದ ಗೆಸ್ಟಾಲ್ಟ್ ಎಂಬ ಮನೋಚಿಕಿತ್ಸೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ ಎಂಬುದು ನನ್ನ ವಾದ. ತೀರಿಹೋದ ತಂದೆಯ ಮೇಲಿನ ಸಿಟ್ಟನ್ನು ನಗುತ್ತಲೇ ವಿವರಿಸುವವರ ಮುಷ್ಟಿ ಬಿಗಿದಿರಬಹುದು. ಆಗ ಚಿಕಿತ್ಸಕರು ಕೇಳುವುದು ‘ಯಾಕೆ’ ಎಂದಲ್ಲ, ‘ಈಗ ನಿಮ್ಮ ಕೈ ಏನು ಮಾಡುತ್ತಿದೆ’ ಎಂದು. ಎದುರಿನ ಖಾಲಿ ಕುರ್ಚಿಯಲ್ಲಿ ತಂದೆಯನ್ನು ಕಲ್ಪಿಸಿಕೊಂಡು, ಅವರ ಬಗ್ಗೆ ಅಲ್ಲ, ಅವರೊಂದಿಗೇ ಮಾತಾಡಿದಾಗ ಗಂಟಲಲ್ಲಿ ನಿಂತಿದ್ದ ಮಾತಿಗೆ ದಾರಿ ಸಿಗುತ್ತದೆ.

ಹಾಗಾದರೆ ಕಳೆದ ಕಾಲಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ; ಆದರೆ ಅದು ಕೈಗೆ ಸಿಗುವುದು ಇಂದಿನ ಉಸಿರಿನಲ್ಲಿ, ಬಿಗಿದ ಭುಜದಲ್ಲಿ. ಕುರ್ಚಿಯೊಂದಿಗಿನ ಈ ಮಾತು ಬರೀ ನಾಟಕ ಎನ್ನುವವರು ಸಂಶೋಧಕರಾದ ಪೈವಿಯೊ ಮತ್ತು ಗ್ರೀನ್‌ಬರ್ಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು: ಬಗೆಹರಿಯದ ಹಳೆಯ ನೋವಿದ್ದವರಿಗೆ ಖಾಲಿ ಕುರ್ಚಿಯ ಸಂವಾದವು, ತಿಳಿವಳಿಕೆ ನೀಡುವ ಗುಂಪು ಕಾರ್ಯಕ್ರಮಕ್ಕಿಂತ ಹೆಚ್ಚು ಫಲ ಕೊಟ್ಟಿತು. ಅಧ್ಯಯನ ಚಿಕ್ಕದು, ನಿಜ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ತೀವ್ರ ಆಘಾತ ಅನುಭವಿಸಿದವರನ್ನು ಒಮ್ಮೆಲೇ ಆ ಭಾವದೊಳಗೆ ತಳ್ಳಿದರೆ ಗಾಯ ಮತ್ತೆ ಬಾಯಿಬಿಡಬಹುದು. ಆದ್ದರಿಂದ 1960ರ ದಶಕದಲ್ಲಿ ಫ್ರಿಟ್ಜ್ ಪರ್ಲ್ಸ್ ಕ್ಯಾಲಿಫೋರ್ನಿಯಾದಲ್ಲಿ ಜನರೆದುರು ಕೆಣಕಿ ಕೆಣಕಿ ನಡೆಸಿದ ಪ್ರಾತ್ಯಕ್ಷಿಕೆಗಳು ಮಾದರಿಯಾಗಬಾರದು. ಮೊದಲು ನೆಲಕ್ಕೆ ತಾಗಿದ ಪಾದ, ಕುರ್ಚಿಗೆ ಒರಗಿದ ಬೆನ್ನು ಅರಿವಿಗೆ ಬರಲಿ; ಸಿಟ್ಟು, ಅಳು ಆಮೇಲೆ.